ಕರೆದವರು ಬಡಿಸಬೇಕು

ತಂಗಿ, ತಮ್ಮಂದಿರೇ,

ನಮ್ಮೂರ ಹೆಣ್ಣುಮಕ್ಕಳ ಗುಂಪಿನವರ ಚಕ್ಕುಲಿಗಾಗಿ ನೀವು ಮೂವರೂ ಸೇರಿ ಮಾಡಿದ ಜಾಹೀರಾತನ್ನು ನೋಡಿದೆ. ಒಂದು ಸಲ ಅಲ್ಲ, ಹತ್ತು ಹನ್ನೆರಡು ಸಲ. ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ತುಳಸಿಕಟ್ಟೆಯ ಹತ್ತಿರ ಮಾತ್ರ ಎಂದು ನಿಮಗೆ ಗೊತ್ತಲ್ಲ. ಅಲ್ಲೇ ಕೊಡೆ ಹಿಡಿದು ನಿಂತು ಇಳಿಸಿಕೊಂಡೆ, ಆಮೇಲೆ ಜಗಲಿಯಲ್ಲಿ ಕೂತು ನೋಡಿದೆ. ಕಾಲೇಜಿಗೆ ಕೊಡಲೆಂದು ನೀವು ಬರೆದ ನಾಲ್ಕು ಪುಟದ ಟಿಪ್ಪಣಿಯನ್ನೂ ಓದಿದೆ. ಜಾಹೀರಾತು ಮಾಡುವಾಗ ಏನು ಕಲಿತಿರಿ ಎಂದು ನಿಮ್ಮ ಮೇಷ್ಟ್ರು ಬರೆಸಿದ್ದು ಅದು. ‘ಹೇಗಿದೆ ಹೇಳಿ ಅಜ್ಜ’ ಎಂದು ಕೇಳಿದ್ದೀರಿ. ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ವಿಷಯ ಅಲ್ಲವೆನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತು ಸೆಕೆಂಡಿನ ಚಿತ್ರ. ಮೊದಲ ಎಂಟು ಸೆಕೆಂಡು ಮೇಲಿನಿಂದ ತೆಗೆದ ಉಂಚಳ್ಳಿ ಜಲಪಾತ. ಆಮೇಲೆ ಹಂಚಿನ ಮನೆ, ಮಳೆ, ಅಡಿಗೆಮನೆಯ ಹೊಗೆ. ಒಬ್ಬ ಅಜ್ಜಿ ಚಕ್ಕುಲಿ ಸುತ್ತಿ ನಗುತ್ತಾಳೆ. ಬಣ್ಣದ ತಟ್ಟೆಯಲ್ಲಿ ಬಂಗಾರದಂಥ ಚಕ್ಕುಲಿ, ಅದನ್ನು ಕಡಿದ ಕರುಂ ಸದ್ದು, ‘ಮಲೆನಾಡಿನ ಅಜ್ಜಿಯ ಕೈರುಚಿ’ ಎಂಬ ಮಾತು, ಕೊನೆಗೆ ಪೊಟ್ಟಣ. ನೋಡಿದವರಿಗೆ ತಿನ್ನಬೇಕು ಅನಿಸುತ್ತದೆ. ಬೆಳಕನ್ನು ಹಿಡಿದ ಬಗೆ ಚೆನ್ನಾಗಿದೆ. ಮಳೆನೀರು ದಂಬೆಯಿಂದ ಹಂಡೆಗೆ ಬೀಳುವುದನ್ನು ತೋರಿಸಿದ್ದೀರಲ್ಲ, ಅದನ್ನು ನೋಡಿ ನನಗೆ ನಮ್ಮ ಅಮ್ಮನ ಕಾಲದ ಶ್ರಾವಣ ನೆನಪಾಯಿತು. ನಿಮ್ಮ ಕಣ್ಣು ಒಳ್ಳೆಯದು. ಕಣ್ಣು ಒಳ್ಳೆಯದಿರುವವರಿಗೇ ಈ ಮಾತು ಹೇಳಬೇಕಾಗಿದೆ.

ಆ ಬಣ್ಣದ ತಟ್ಟೆಯಲ್ಲಿದ್ದದ್ದು ನಮ್ಮ ಚಕ್ಕುಲಿ ಅಲ್ಲ.

ಹೆಣ್ಣುಮಕ್ಕಳ ಗುಂಪಿನವರು ಚೌತಿ ಮಾರಾಟಕ್ಕೆಂದು ಮೊದಲ ಹದ ಮಾಡಿದ ದಿನ ನೀವು ಬಂದಿದ್ದಿರಿ. ಜಗಲಿಯಲ್ಲಿ ಕೇರಿಯ ಏಳು ಜನ ಗಂಡಸರು ಸಾಲಾಗಿ ಕೂತು ಸುತ್ತಿದರು. ನೀವು ಅದನ್ನೆಲ್ಲ ಚಿತ್ರ ಮಾಡಿಕೊಂಡಿರಿ. ಆದರೆ ಕೊನೆಯ ಹತ್ತಿರದ ದೃಶ್ಯಕ್ಕೆ ಪೇಟೆಯ ಬೇಕರಿಯಿಂದ ಒರಳಿನಲ್ಲಿ ಒತ್ತಿದ ಚಕ್ಕುಲಿ ತಂದು ಇಟ್ಟಿದ್ದೀರಿ. ಕೈಚಕ್ಕುಲಿ ಕಂದು ಬಣ್ಣದ್ದು, ಒಂದರ ಹಾಗೆ ಒಂದಿಲ್ಲ, ಬೆಳಕಿಗೆ ‘ಎತ್ತಿ ಕೊಡಲಿಲ್ಲ’ ಎಂದು ನಿಮ್ಮ ಟಿಪ್ಪಣಿಯ ಮೂರನೆಯ ಪುಟದಲ್ಲಿ ಬರೆದಿದ್ದೀರಿ. ನೀವು ಮುಚ್ಚಿಡಲಿಲ್ಲ, ಬರೆದಿದ್ದೀರಿ. ಆ ಪ್ರಾಮಾಣಿಕತೆ ಕಂಡೇ ನನಗೆ ಕೈಗೆ ಪೆನ್ನು ತೆಗೆದುಕೊಳ್ಳಬೇಕೆನಿಸಿದ್ದು. ಆದರೆ ಅದನ್ನು ‘ಎದುರಿಸಿದ ತಾಂತ್ರಿಕ ತೊಡಕು’ ಎಂಬ ತಲೆಬರಹದ ಕೆಳಗೆ ಬರೆದಿದ್ದೀರಿ. ಅದು ತಾಂತ್ರಿಕ ತೊಡಕಲ್ಲ ಮಕ್ಕಳೇ.

ಒರಳಿನಲ್ಲಿ ಒತ್ತಿದ್ದಕ್ಕೂ ಕೈಯಲ್ಲಿ ಸುತ್ತಿದ್ದಕ್ಕೂ ಇರುವ ವ್ಯತ್ಯಾಸ ನಮ್ಮ ಕಡೆಯ ಮೂರನೇ ಕ್ಲಾಸಿನ ಹುಡುಗನಿಗೂ ಗೊತ್ತು. ಒತ್ತಿದ್ದರಲ್ಲಿ ಅಚ್ಚಿನ ಮುಳ್ಳು ಸಾಲು ಒಂದೇ ಸಮನೆ ಹೋಗುತ್ತದೆ. ಸುತ್ತಿದ್ದು ಹಾಗಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿ ಹಿಟ್ಟನ್ನು ಹುರಿ ಹೊಸೆದಂತೆ ಹೊಸೆಯುತ್ತ, ಹೊಸೆದಲ್ಲೇ ಬಳ್ಳಿಯಂತೆ ಸುತ್ತುತ್ತ ಹೋಗಬೇಕು. ಹಿಟ್ಟು ಗಟ್ಟಿಯಾದರೆ ಬಿರುಕು ಬಿಡುತ್ತದೆ, ನೀರಾದರೆ ಹುರಿ ನಿಲ್ಲುವುದಿಲ್ಲ. ಬಾಳೆಲೆಯ ಮೇಲೆ ಸುತ್ತಿಟ್ಟ ಚಕ್ಕುಲಿಯ ಮೈಮೇಲೆ ಆ ಹೊಸೆತದ ಗೆರೆಗಳು ಓರೆಯಾಗಿ ಏಳುತ್ತವೆ. ಯಾರು ಸುತ್ತಿದ್ದು ಎಂದು ಗೆರೆ ನೋಡಿ ಹೇಳುವವರಿದ್ದಾರೆ. ಒಬ್ಬರದು ಬಿಗಿ, ಒಬ್ಬರದು ಸಡಿಲ. ಎಡಗೈಯವರು ಸುತ್ತಿದ್ದರ ಹೊಸೆತ ತಿರುಗುಮುರುಗು. ನೀವು ‘ಒಂದರ ಹಾಗೆ ಒಂದಿಲ್ಲ’ ಎಂದು ಬದಿಗಿಟ್ಟಿರಲ್ಲ, ಆ ವಸ್ತುವಿನ ಬೆಲೆ ಇರುವುದೇ ಅಲ್ಲಿ. ಒರಳಿನ ಚಕ್ಕುಲಿಗಿಂತ ಕೈಚಕ್ಕುಲಿಗೆ ಜಾಸ್ತಿ ದುಡ್ಡು ಕೊಟ್ಟು ಜನ ಒಯ್ಯುವುದು ಆ ಓರೆ ಗೆರೆಗಾಗಿ. ಅದನ್ನೇ ತೆಗೆದು ಹಾಕಿ, ಎಲ್ಲ ಊರಿನಲ್ಲಿ ಸಿಗುವುದನ್ನು ತೋರಿಸಿದಿರಿ.

ಶಿರಸಿಯ ಅಡಿಕೆ ವ್ಯಾಪಾರದ ಅಂಗಳಕ್ಕೆ ಒಂದು ದಿನ ಹೋಗಿ ನಿಂತು ನೋಡಿ. ಚಾಲಿ ಅಡಿಕೆಯ ರಾಶಿ ಹಾಕಿರುತ್ತಾರೆ. ಟೆಂಡರು ಬರೆಯಲು ಬಂದ ವ್ಯಾಪಾರಿ ರಾಶಿಯ ಮೇಲಿನ ಅಡಿಕೆ ನೋಡುವುದೇ ಇಲ್ಲ. ಮೊಣಕೈವರೆಗೆ ಕೈ ಹಾಕಿ ಅಡಿಯಿಂದ ಒಂದು ಹಿಡಿ ಎತ್ತುತ್ತಾನೆ, ಒಂದೆರಡನ್ನು ಒಡೆದು ಒಳಗಿನ ಬಣ್ಣ ನೋಡುತ್ತಾನೆ. ಮೇಲಿನದೊಂದು ಅಡಿಯದೊಂದು ಆದರೆ ಆ ದಿನದ ದರ ಮಾತ್ರ ಬೀಳುವುದಲ್ಲ, ಆ ಮನೆಯ ಹೆಸರು ಬೀಳುತ್ತದೆ. ಮುಂದಿನ ವರ್ಷ ಒಳ್ಳೆಯ ಅಡಿಕೆ ತಂದರೂ ಅವನು ಕೈ ಹಾಕುವ ಆಳ ಹೆಚ್ಚಾಗುತ್ತದೆ. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದರ ಹಿಂದೆ ಇರುವುದು ಹಾಗೆ ಕೈ ಹಾಕಿಸಿಕೊಂಡೂ ಉಳಿದು ಬಂದ ಹೆಸರು. ಜಾಹೀರಾತು ಎಂಬುದು ರಾಶಿಯ ಮೇಲಿನ ಅಡಿಕೆ. ಪೊಟ್ಟಣ ಒಡೆದವನು ಅಡಿಯ ಅಡಿಕೆ ನೋಡುತ್ತಾನೆ.

ದೊಡ್ಡವರೂ ಹೀಗೆ ಮಾಡುತ್ತಾರೆ ಎಂದು ನೀವು ಹೇಳಬಹುದು. ಮಾಡುತ್ತಾರೆ, ನಿಜ. ಐಸ್‌ಕ್ರೀಮು ದೀಪದ ಬಿಸಿಗೆ ಕರಗುತ್ತದೆಂದು ಅರೆದ ಆಲೂಗಡ್ಡೆ ಇಡುವುದು, ಹಣ್ಣಿನ ಮೇಲೆ ಇಬ್ಬನಿಯ ಬದಲು ಗ್ಲಿಸರಿನ್ ಹನಿಸುವುದು, ಇವೆಲ್ಲ ಆ ವೃತ್ತಿಯಲ್ಲಿ ಹಳೆಯ ಉಪಾಯಗಳು. ಅಮೆರಿಕದಲ್ಲಿ ಕ್ಯಾಂಬೆಲ್ ಎಂಬ ದೊಡ್ಡ ಸೂಪಿನ ಕಂಪನಿಯ ಜಾಹೀರಾತಿಗೆ ಬಟ್ಟಲಿನ ತಳದಲ್ಲಿ ಗಾಜಿನ ಗೋಲಿ ತುಂಬಿದ್ದರು. ತರಕಾರಿ ಮುಳುಗದೆ ಮೇಲೆ ಕಾಣಲಿ, ಸೂಪು ದಟ್ಟವಾಗಿದೆ ಅನಿಸಲಿ ಎಂದು. ಬಟ್ಟಲಿನಲ್ಲಿದ್ದ ಸೂಪು ಅವರದೇ, ತರಕಾರಿಯೂ ಅವರದೇ. ಆದರೂ ಅಲ್ಲಿನ ವ್ಯಾಪಾರ ಆಯೋಗ ಅದನ್ನು ಮೋಸ ಎಂದು ಹಿಡಿಯಿತು, 1970ರ ಹೊತ್ತಿಗೆ ಕಂಪನಿ ಅಂಥದ್ದು ಮಾಡುವುದಿಲ್ಲವೆಂದು ಒಪ್ಪಿಕೊಳ್ಳಬೇಕಾಯಿತು. ಅವರು ತಮ್ಮ ಸೂಪಿನ ಕೆಳಗೆ ಗೋಲಿ ಇಟ್ಟರು. ನೀವು ಇಟ್ಟದ್ದು ಬೇರೆಯವರ ಚಕ್ಕುಲಿಯನ್ನೇ.

ನಮ್ಮಲ್ಲೂ ಇದಕ್ಕೆ ಕಾನೂನಿದೆ. ಓದಿಕೊಂಡಿರುವುದು ಒಳ್ಳೆಯದು. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಆಹಾರದ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ‘ಶುದ್ಧ’, ‘ನೈಸರ್ಗಿಕ’, ‘ತಾಜಾ’, ‘ಸಾಂಪ್ರದಾಯಿಕ’ ಎಂಬ ಮಾತುಗಳನ್ನು ಯಾವಾಗ ಹೇಳಬಹುದು, ಯಾವಾಗ ಹೇಳಕೂಡದು ಎಂದು 2018ರ ನಿಯಮಗಳು ಷರತ್ತು ಹಾಕಿವೆ. ಜಾಹೀರಾತಿನವರೇ 1985ರಲ್ಲಿ ಸೇರಿ ಕಟ್ಟಿಕೊಂಡ ಮಂಡಳಿಯೊಂದು ಮುಂಬಯಿಯಲ್ಲಿದೆ, ಸಾಮಾನ್ಯ ಗ್ರಾಹಕನೂ ಅಲ್ಲಿಗೆ ದೂರು ಬರೆಯಬಹುದು. 2022ರ ಜೂನಿನಲ್ಲಿ ಕೇಂದ್ರದ ಗ್ರಾಹಕ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಮಕ್ಕಳನ್ನು ಉದ್ದೇಶಿಸಿದ ಜಾಹೀರಾತಿಗೇ ಬೇರೆ ಭಾಗವಿದೆ. ನಿಮ್ಮ ಮೊದಲ ಬರಹದಲ್ಲಿ ‘ಊಟ ಬೇಡವೆಂದ ಮಗುವಿಗೆ ಚಕ್ಕುಲಿ’ ಎಂಬ ಸಾಲಿತ್ತು, ಆಮೇಲೆ ತೆಗೆದಿರಿ. ತೆಗೆದದ್ದು ಸರಿ. ಎಣ್ಣೆಯಲ್ಲಿ ಕರಿದದ್ದು ಊಟವಲ್ಲ. ಆದರೆ ನಾನು ಹೇಳುವುದು ಕಾನೂನಿನ ಮಾತಲ್ಲ. ಕಾನೂನು ಗೊತ್ತಿಲ್ಲದ ಕಾಲದಲ್ಲೇ ನನಗೆ ಇದು ತಾಗಿತ್ತು.

ನಾನು ಇಪ್ಪತ್ತೈದರ ಹುಡುಗನಾಗಿದ್ದಾಗ ಮೈಕಿನ ಪ್ರಚಾರಕ್ಕೆ ಹೋಗುತ್ತಿದ್ದೆ ಎಂದು ಮನೆಯಲ್ಲಿ ಹೇಳಿರುತ್ತಾರೆ. ಸಿದ್ದಾಪುರ, ಶಿರಸಿ, ಯಲ್ಲಾಪುರದ ಕಡೆ ಎಲ್ಲೇ ಯಕ್ಷಗಾನವಾಗಲಿ, ಬಾಡಿಗೆ ಕಾರಿನ ತಲೆಗೆ ಲೌಡ್‌ಸ್ಪೀಕರ್ ಕಟ್ಟಿ ಊರೂರಿಗೆ ಹೋಗಿ ಕೂಗುವ ಕೆಲಸ. ನನ್ನ ದನಿ ಆಗ ಚೆನ್ನಾಗಿತ್ತು. ಅದಕ್ಕೂ ಹಿಂದೆ ಮೈಕಿಲ್ಲದ ಕಾಲದಲ್ಲಿ ಆಟದ ಸಂಜೆ ‘ಕೇಳಿ’ ಬಡಿಯುತ್ತಿದ್ದರು. ಚಂಡೆ ಮದ್ದಲೆಯ ಸದ್ದು ಗುಡ್ಡ ದಾಟಿ ಹೋಗುತ್ತಿತ್ತು, ಇವತ್ತು ಇಲ್ಲಿ ಆಟವಿದೆ ಎಂದು ಆಚೆ ಕಣಿವೆಯವರಿಗೆ ಗೊತ್ತಾಗುತ್ತಿತ್ತು. ನಮ್ಮ ನೆಲದಲ್ಲಿ ಜಾಹೀರಾತಿನ ಹಳೆಯ ರೂಪ ಯಾವುದು ಎಂದು ನಿಮ್ಮ ಮೇಷ್ಟ್ರು ಕೇಳಿದರೆ ಕೇಳಿಯನ್ನು ಹೇಳಿ. ಅದರಲ್ಲಿ ಹೊಗಳಿಕೆ ಇರಲಿಲ್ಲ. ಚಂಡೆ ಇದೆ, ಮದ್ದಲೆ ಇದೆ, ಬನ್ನಿ, ಅಷ್ಟೇ. ಯಾವ ಚಂಡೆ ಕರೆಯಿತೋ ರಾತ್ರಿಯಿಡೀ ಅದೇ ಚಂಡೆ ಬಾರಿಸುತ್ತಿತ್ತು.

ಒಂದು ಸಲ ಒಬ್ಬ ದೊಡ್ಡ ಕಲಾವಿದರು ಬರುತ್ತಾರೆಂದು ಬೆಳಿಗ್ಗೆಯಿಂದ ಕೂಗಿಕೊಂಡು ಬಂದಿದ್ದೆ. ಮಧ್ಯಾಹ್ನ ಮೂರು ಗಂಟೆಗೆ ಸುದ್ದಿ ಬಂತು, ಅವರಿಗೆ ಜ್ವರ, ಬರುವುದು ಅನುಮಾನ. ಅನುಮಾನ ಎಂದರೆ ಬರುವುದಿಲ್ಲವೆಂದೇ ಅರ್ಥ ಎಂದು ನನಗೆ ಗೊತ್ತಿತ್ತು. ಆದರೂ ಟಿಕೆಟ್ಟಿನ ಆಟ, ಡೇರೆ ಹಾಕಿಯಾಗಿದೆ, ದುಡ್ಡು ಹಾಕಿದವರು ಕಂಗಾಲಾಗಿದ್ದಾರೆ. ನಾನು ಸಂಜೆ ಆರರವರೆಗೂ ಅದೇ ಹೆಸರನ್ನು ಕೂಗಿದೆ. ಯಾರೂ ನನಗೆ ಕೂಗು ಎಂದು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕೂಗಿದ್ದು ನಾನೇ.

ರಾತ್ರಿ ಡೇರೆ ತುಂಬಿತು. ಅವರು ಬರಲಿಲ್ಲ, ಬೇರೆಯವರು ವೇಷ ಮಾಡಿದರು, ಚೆನ್ನಾಗಿಯೇ ಮಾಡಿದರು. ಗಲಾಟೆ ಏನೂ ಆಗಲಿಲ್ಲ. ಬೆಳಗಿನ ಜಾವ ಮಂಗಳ ಆದ ಮೇಲೆ ನಾನು ವೈರು ಸುತ್ತುತ್ತಿದ್ದೆ. ಘಟ್ಟದ ಅಂಚಿನ ಊರಿನ ಒಬ್ಬ ಮುದುಕರು ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು, ಲಾಟೀನು ಹಿಡಿದು, ಹೊರಟವರು ನನ್ನ ಹತ್ತಿರ ನಿಂತರು. ಹುಡುಗ ನಿದ್ದೆ ಹೋಗಿದ್ದ. ‘ತಮ್ಮಾ, ನಿನ್ನ ದನಿ ಕೇಳಿ ಬಂದಿದ್ದೆ. ಇವನಿಗೆ ಅವರ ಕುಣಿತ ಒಮ್ಮೆ ತೋರಿಸಬೇಕು ಅಂತ ಇತ್ತು’ ಎಂದರು. ಬೈಯಲಿಲ್ಲ. ಸಿಟ್ಟೂ ಇರಲಿಲ್ಲ. ಹೇಳಿ ಹೊರಟು ಹೋದರು. ಗದ್ದೆಯ ಅಂಚಿನಲ್ಲಿ ಆ ಲಾಟೀನಿನ ಬೆಳಕು ಹೋಗುವುದನ್ನು ನೋಡುತ್ತ ನಿಂತಿದ್ದೆ. ಐವತ್ತು ವರ್ಷದ ಹತ್ತಿರ ಆಯಿತು. ಅವರ ಊರಿನ ಕಡೆ ಪ್ರಚಾರಕ್ಕೆ ಹೋಗಲು ನನಗೆ ಆಮೇಲೆ ಮನಸ್ಸು ಬರಲಿಲ್ಲ.

ಅವರು ‘ಮೇಳದ ಮಾತು ಕೇಳಿ’ ಎನ್ನಲಿಲ್ಲ, ‘ನಿನ್ನ ದನಿ ಕೇಳಿ’ ಎಂದರು. ದನಿ ಕೊಟ್ಟವನು ಮಾತಿಗೆ ಹೊಣೆ ಎಂದು ಅವತ್ತು ಗೊತ್ತಾಯಿತು. ಅಣ್ಣಾವ್ರನ್ನು ನೋಡಿ. ಅಷ್ಟು ದೊಡ್ಡ ನಟ ರಾಜಕುಮಾರ್, ಅವರ ಮುಖಕ್ಕೆ ಕಂಪನಿಗಳು ಎಷ್ಟು ಬೇಕಾದರೂ ಕೊಡುತ್ತಿದ್ದವು. ಅವರು ಮುಖ ಕೊಟ್ಟದ್ದು ನಂದಿನಿ ಹಾಲಿಗೆ. ರೈತರ ಹಾಲು ಎಂದು, ಸಂಭಾವನೆ ತೆಗೆದುಕೊಳ್ಳದೆ. ಮುಂದೆ ಪುನೀತ್ ಕೂಡ ನಂದಿನಿಗೆ ನಿಂತರು. ನೀವು ಹೆಸರಾದ ನಟರಲ್ಲ, ವಿದ್ಯಾರ್ಥಿಗಳು. ಆದರೆ ತಂಗಿ, ಆ ಚಿತ್ರದಲ್ಲಿ ಮಾತಾಡಿದ ದನಿ ನಿನ್ನದು. ನಿನ್ನನ್ನು ಬಲ್ಲವರು ನಿನ್ನ ದನಿ ಕೇಳಿ ಆ ಪೊಟ್ಟಣ ಕೊಳ್ಳುತ್ತಾರೆ.

ಜಾಹೀರಾತು ಎಂಬ ಶಬ್ದವನ್ನು ಸ್ವಲ್ಪ ಹೊತ್ತು ಬಿಡಿ. ನಾನು ಅದನ್ನು ‘ಕರೆ’ ಎಂದುಕೊಳ್ಳುತ್ತೇನೆ. ಮನೆಯ ಕಾರ್ಯಕ್ಕೆ ಊಟಕ್ಕೆ ಕರೆಯುತ್ತೇವಲ್ಲ, ಆ ಕರೆ. ಕರೆಯಲು ಹೋದವನು ಹೋಳಿಗೆ ಮಾಡುತ್ತೇವೆ ಎಂದು ಹೇಳಿ ಬಂದರೆ ಎಲೆಯ ಮೇಲೆ ಹೋಳಿಗೆ ಬೀಳಬೇಕು. ಪಾಯಸವೇ ಇದ್ದರೆ ಪಾಯಸಕ್ಕೆ ಬನ್ನಿ ಎಂದರೆ ಸಾಕು, ಜನ ಅದಕ್ಕೂ ಸಂತೋಷವಾಗಿ ಬರುತ್ತಾರೆ. ಇನ್ನೊಂದು, ಎಷ್ಟು ಜನರನ್ನು ಕರೆದೆ ಎಂಬುದು ಕರೆದವನಿಗೆ ನೆನಪಿರಬೇಕು. ಅಡಿಗೆಯವರು ಮೊದಲು ಕೇಳುವುದೇ ‘ಎಷ್ಟು ಎಲೆ?’ ಎಂದು. ನಿಮ್ಮ ಟಿಪ್ಪಣಿಯಲ್ಲಿ ‘ವಿಡಿಯೊ ಒಂದು ಲಕ್ಷ ಜನರನ್ನು ಮುಟ್ಟಬೇಕು’ ಎಂಬ ಗುರಿ ಬರೆದಿದ್ದೀರಿ. ಮುಟ್ಟಿತು ಅನ್ನಿ. ಲಕ್ಷದಲ್ಲಿ ಸಾವಿರ ಜನ ಒಂದೊಂದು ಕಿಲೋ ಕೇಳಿದರು ಅನ್ನಿ. ಗುಂಪಿನಲ್ಲಿರುವುದು ಹನ್ನೊಂದು ಹೆಂಗಸರು, ಒಲೆ ಎರಡು. ಸುತ್ತಲು ಬರುವವರು ತೋಟದ ಕೆಲಸ ಮುಗಿಸಿ ಬರುವವರು. ಸಾವಿರ ಕಿಲೋ ಎಲ್ಲಿಂದ ಬರಬೇಕು? ಆಗ ಆ ಹೆಂಗಸರೇ ಬೇರೆ ದಾರಿ ಕಾಣದೆ ಒರಳಿನ ಚಕ್ಕುಲಿ ತಂದು ತುಂಬಿ ಕಳಿಸುವಂತೆ ಆಗುತ್ತದೆ. ಅವರನ್ನು ಆ ಇಕ್ಕಟ್ಟಿಗೆ ದೂಡಿದ್ದು ನಿಮ್ಮ ಮೂವತ್ತು ಸೆಕೆಂಡು ಎಂದಾಗುತ್ತದೆ. ‘ಚೌತಿಗೆ ಮುಂಚೆ ಮಾತ್ರ. ಇದ್ದಷ್ಟು ಮಾತ್ರ’ ಎಂದು ಒಂದು ಸಾಲು ಹಾಕಿ. ಅದರಿಂದ ಬೇಡಿಕೆ ಕಡಿಮೆಯಾಗುವುದಿಲ್ಲ, ಕೊಳ್ಳುವವನಿಗೆ ವಿಶ್ವಾಸ ಬರುತ್ತದೆ. ಪೊಟ್ಟಣದ ಮೇಲಿನ ಹದಿನಾಲ್ಕು ಅಂಕಿಯ ಆಹಾರ ನೋಂದಣಿ ಸಂಖ್ಯೆ, ಮಾಡಿದ ದಿನ, ಇಷ್ಟು ದಿನದೊಳಗೆ ತಿನ್ನಿ ಎಂಬ ಮಾತು ಕಾಣುವಂತೆ ಇರಲಿ. ಮಳೆಗಾಲದ ಗಾಳಿ ತಾಗಿದರೆ ಒಂದೇ ರಾತ್ರಿಯಲ್ಲಿ ಚಕ್ಕುಲಿ ಮೆತ್ತಗಾಗುತ್ತದೆ, ಡಬ್ಬಿಯ ಬಾಯಿ ಬಿಗಿ ಇರಲಿ ಎಂದೂ ಹೇಳಿ. ಅದು ಮನೆಯವರು ಮನೆಯವರಿಗೆ ಹೇಳುವ ಮಾತು.

ಈಗ ಅಜ್ಜಿಯ ವಿಷಯ. ನಿಮ್ಮ ಚಿತ್ರದಲ್ಲಿ ಜಗಲಿಯ ಏಳು ಗಂಡಸರು ಎಲ್ಲಿಗೆ ಹೋದರು?

ಅವರು ಬಂದದ್ದು ಚಕ್ಕುಲಿ ಕಂಬಳಕ್ಕೆ. ಕಂಬಳ ಎಂದರೆ ಹೊರಗಿನವರಿಗೆ ಕರಾವಳಿಯ ಕೋಣದ ಓಟ. ನಮ್ಮಲ್ಲಿ ಹತ್ತು ಮನೆಯವರು ಕೂಡಿ ಒಂದು ಮನೆಯ ಕೆಲಸ ಮಾಡಿಕೊಡುವುದಕ್ಕೂ ಕಂಬಳ ಎನ್ನುತ್ತೇವೆ. ಚೌತಿ ಹತ್ತಿರ ಬಂತೆಂದರೆ ಇವತ್ತು ಒಬ್ಬರ ಮನೆಯಲ್ಲಿ, ನಾಳೆ ಇನ್ನೊಬ್ಬರ ಮನೆಯಲ್ಲಿ ಚಕ್ಕುಲಿ ಕಂಬಳ. ಹೆಂಗಸರು ಅಕ್ಕಿ, ಹುರಿದ ಉದ್ದು ಬೀಸಿ, ಜೀರಿಗೆ, ಎಳ್ಳು, ಬೆಣ್ಣೆ ಹಾಕಿ ಹಿಟ್ಟು ಹದ ಮಾಡಿ ಕೊಡುತ್ತಾರೆ. ಸುತ್ತುವುದು ಗಂಡಸರು. ಅಡಿಕೆ ಮರ ಹತ್ತಿ ಕೈ ಒರಟಾದವರು, ಗುದ್ದಲಿ ಹಿಡಿದು ಬೆರಳು ದಪ್ಪವಾದವರು, ಆ ಬೆರಳುಗಳಲ್ಲೇ ಅಷ್ಟು ಸಣ್ಣ ಹೊಸೆತ ತೆಗೆಯುತ್ತಾರೆ. ಕರಿಯುವುದು ಮತ್ತೆ ಹೆಂಗಸರು. ಮಾತು, ಕಥೆ, ಹಿಂದಿನ ರಾತ್ರಿ ನೋಡಿದ ತಾಳಮದ್ದಲೆಯ ಅರ್ಥದ ಬಗ್ಗೆ ವಾದ, ನಡುವೆ ಚಾ. ಹೋಗುವಾಗ ಕೈಯಲ್ಲಿ ಒಂದಿಷ್ಟು ಚಕ್ಕುಲಿ. ಇಷ್ಟೆಲ್ಲ ನಿಮ್ಮ ಕ್ಯಾಮೆರಾದ ಎದುರಿಗೇ ನಡೆಯಿತು. ನೀವು ಹಿಡಿದಿಟ್ಟ ಪೂರ್ತಿ ಚಿತ್ರವನ್ನು ತಮ್ಮಂದಿರಲ್ಲಿ ಒಬ್ಬ ನನಗೆ ಅವತ್ತು ತೋರಿಸಿದ್ದ. ಆದರೆ ಅಂತಿಮ ಚಿತ್ರದಲ್ಲಿ ಒಬ್ಬಳೇ ಅಜ್ಜಿ ಉಳಿದಳು. ಯಾಕೆಂದರೆ ತಿನಿಸಿನ ಜಾಹೀರಾತಿನಲ್ಲಿ ಅಜ್ಜಿ ಇರಬೇಕು ಎಂದು ನೀವು ನೋಡಿದ ಜಾಹೀರಾತುಗಳು ಕಲಿಸಿವೆ. ಆ ಅಜ್ಜಿ ನಮ್ಮ ಪಕ್ಕದ ಮನೆಯವರು, ಚಕ್ಕುಲಿ ಸುತ್ತಿದವರಲ್ಲ. ನೀವು ಹೇಳಿದಿರೆಂದು ಕೂತು ಸುತ್ತಿದರು. ಅವರ ನಿಜವಾದ ಕೆಲಸ ಬೇರೆ ಇತ್ತು. ಅದನ್ನು ನೀವು ನೋಡಲಿಲ್ಲ, ನಾನು ಹೇಳುತ್ತೇನೆ ಕೇಳಿ.

ಅವರು ಒಲೆಯ ಪಕ್ಕದ ಮಣೆಯ ಮೇಲೆ, ಬಾಣಲೆಗೆ ಬೆನ್ನು ಹಾಕಿ ಕೂತಿರುತ್ತಾರೆ. ಕಣ್ಣು ಮಂದವಾಗಿ ಹತ್ತು ವರ್ಷವಾಯಿತು. ಚಕ್ಕುಲಿಯನ್ನು ಎಣ್ಣೆಗೆ ಬಿಟ್ಟ ಕೂಡಲೇ ಜೋರು ಗದ್ದಲ ಏಳುತ್ತದೆ, ಹಿಟ್ಟಿನೊಳಗಿನ ನೀರು ಆವಿಯಾಗಿ ಗುಳ್ಳೆ ಗುಳ್ಳೆಯಾಗಿ ಹೊರಬರುವ ಸದ್ದು ಅದು. ಬರಬರುತ್ತ ಗುಳ್ಳೆ ಸಣ್ಣದಾಗುತ್ತದೆ, ಸದ್ದು ತೆಳ್ಳಗಾಗುತ್ತದೆ. ಒಂದು ಹೊತ್ತಿಗೆ ಎಣ್ಣೆ ಸುಮ್ಮನಾಗುತ್ತದೆ. ಆ ಸುಮ್ಮನಾಗುವುದಕ್ಕೂ ಸ್ವಲ್ಪ ಮುಂಚೆ ಅವರು ‘ತೆಗಿ’ ಎನ್ನುತ್ತಾರೆ. ಇನ್ನೊಂದು ಉಸಿರು ತಡವಾದರೆ ಕಮರು, ಒಂದು ಉಸಿರು ಮುಂಚೆಯಾದರೆ ಒಳಗೆ ಹಸಿ, ನಾಳೆಗೆ ಮೆತ್ತಗೆ. ಸೊಸೆ ಜಾರದಲ್ಲಿ ಎತ್ತುತ್ತಾಳೆ. ಅವತ್ತು ಬೆಳಗಿನಿಂದ ಸಂಜೆವರೆಗೆ ಪ್ರತಿ ಬಾಣಲೆಗೂ ಆ ಒಂದೇ ಮಾತು. ಮಳೆ ಹಂಚಿನ ಮೇಲೆ ಬಡಿಯುತ್ತಿದ್ದಾಗ ಮಾತ್ರ ಅವರು ಕತ್ತನ್ನು ಸ್ವಲ್ಪ ಒಲೆಯ ಕಡೆ ವಾಲಿಸುತ್ತಿದ್ದರು.

ನೀವು ಆ ದಿನದ ಸದ್ದನ್ನೆಲ್ಲ ಅಳಿಸಿ ಕೆಳಗೆ ಗಿಟಾರು ಹಾಕಿದ್ದೀರಿ. ಕಡಿಯುವ ಸದ್ದನ್ನು ಎಲ್ಲಿಂದಲೋ ಇಳಿಸಿಕೊಂಡಿದ್ದೀರಿ. ಅದು ಆಲೂಗಡ್ಡೆ ಚಿಪ್ಸು ಮುರಿಯುವ ಸದ್ದು, ತೆಳ್ಳನೆಯದು. ಕೈಚಕ್ಕುಲಿ ‘ಟಕ್’ ಎಂದು ಗಟ್ಟಿಯಾಗಿ ಮುರಿದು, ಆಮೇಲೆ ಬಾಯಲ್ಲಿ ನುರಿಯುತ್ತದೆ. ಎಣ್ಣೆ ಗದ್ದಲ ಮಾಡಿ ಸುಮ್ಮನಾಗುವುದು, ‘ತೆಗಿ’ ಎಂಬ ಒಂದು ಮಾತು, ಆಮೇಲೆ ಒಂದು ‘ಟಕ್’. ಹತ್ತು ಸೆಕೆಂಡು ಸಾಕು. ಇದನ್ನು ಬೇರೆ ಯಾವ ಊರಿನ, ಯಾವ ಕಂಪನಿಯ ಜಾಹೀರಾತೂ ತೋರಿಸಲಾರದು, ಯಾಕೆಂದರೆ ಆ ಅಜ್ಜಿ ಅವರ ಹತ್ತಿರ ಇಲ್ಲ. ಆಗ ‘ಅಜ್ಜಿಯ ಕೈರುಚಿ’ ಎಂದು ಬರೆಯಬೇಡಿ. ಆ ರುಚಿ ಹನ್ನೊಂದು ಹೆಂಗಸರ ಕೈಯದು, ಏಳು ಗಂಡಸರ ಬೆರಳಿನದು, ಅಜ್ಜಿಯ ಕಿವಿಯದು. ಯಾರ ಮುಖ ತೋರಿಸುತ್ತೀರೋ ಅವರಿಗೆ ಮೊದಲು ಚಿತ್ರ ತೋರಿಸಿ, ಒಪ್ಪಿಗೆ ಕೇಳಿ. ಇದನ್ನು ಮರೆಯಬೇಡಿ.

ಉಂಚಳ್ಳಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಘನಾಶಿನಿ 116 ಮೀಟರಿನಿಂದ ಬೀಳುವುದನ್ನು ನೋಡಿದರೆ ಯಾರಿಗೂ ಎದೆ ತುಂಬುತ್ತದೆ. ಆದರೆ ಆ ಎಂಟು ಸೆಕೆಂಡು ಪ್ರವಾಸದ ಜಾಹೀರಾತಾಯಿತು, ಚಕ್ಕುಲಿಗೆ ಇಪ್ಪತ್ತೆರಡೇ ಉಳಿಯಿತು. ದೊಡ್ಮನೆ ಎಂದರೆ ಹೊರಗಿನವರಿಗೆ ರಾಮಕೃಷ್ಣ ಹೆಗಡೆಯವರ ಊರು, ಕುಮಟಾಕ್ಕೆ ಇಳಿಯುವ ಘಟ್ಟದ ದಾರಿ, ಜಲಪಾತ. ನಮಗೆ ದೊಡ್ಮನೆ ಎಂದರೆ ಈ ಜಗಲಿಗಳು. ಊರನ್ನು ತೋರಿಸಬೇಕೆಂದಿದ್ದರೆ ಜಗಲಿಯನ್ನು ತೋರಿಸಿ.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ನೋವು ಮಾಡಿತು. ಚಿತ್ರದ ನಡುವೆ ಒಬ್ಬ ಹುಡುಗ ನಮ್ಮ ಹವ್ಯಕ ಮಾತನ್ನು ಎಳೆದೆಳೆದು, ಮೂಗಿನಲ್ಲಿ ಆಡಿ ನಗಿಸಲು ನೋಡುತ್ತಾನೆ. ಅದು ನಮ್ಮ ಮನೆಮಾತು. ನಿಮ್ಮ ಅಜ್ಜಿ ನಿಮ್ಮನ್ನು ತೊಟ್ಟಿಲಿಗೆ ಹಾಕಿ ತೂಗಿದ್ದು ಆ ಮಾತಿನಲ್ಲಿ. ಆ ಮಾತನ್ನು ಜಾಹೀರಾತಿಗೆ ತರಬೇಡಿ ಎನ್ನುವುದಿಲ್ಲ, ತನ್ನಿ. ಒಲೆಯ ಮುಂದೆ ಹೇಗೆ ಆಡುತ್ತೇವೋ ಹಾಗೆ, ಅವಸರವಿಲ್ಲದೆ, ತಗ್ಗಿದ ದನಿಯಲ್ಲಿ. ಕೇಳುವವರಿಗೆ ಒಂದೆರಡು ಶಬ್ದ ಅರ್ಥವಾಗದಿದ್ದರೂ ಅಡ್ಡಿಯಿಲ್ಲ. ತಿನಿಸಿನ ಚಿತ್ರದಲ್ಲಿ ಅರ್ಥ ಕಣ್ಣಿಗೇ ಕಾಣುತ್ತದೆ.

ಕೊನೆಗೆ ನಿಮ್ಮ ಟಿಪ್ಪಣಿ. ನಾಲ್ಕು ಪುಟದಲ್ಲಿ ಲೆನ್ಸಿನ ಹೆಸರಿದೆ, ಬೆಳಕಿನ ಕೋನ ಇದೆ, ಎಡಿಟಿಂಗಿನಲ್ಲಿ ಕಳೆದ ರಾತ್ರಿಗಳಿವೆ, ಮೂವರ ನಡುವೆ ಬಂದ ಭಿನ್ನಾಭಿಪ್ರಾಯ ಹೇಗೆ ಬಗೆಹರಿಯಿತು ಎಂಬುದಿದೆ. ಮೇಷ್ಟ್ರಿಗೆ ಇದೆಲ್ಲ ಬೇಕು, ಬರೆಯಿರಿ. ಆದರೆ ಚಕ್ಕುಲಿ ಎಂಬ ಶಬ್ದ ಇಡೀ ಟಿಪ್ಪಣಿಯಲ್ಲಿ ಮೂರೇ ಸಲ ಬಂದಿದೆ. ಅದನ್ನು ತಿಂದಿರೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ. ಒಂದು ದಿನ ಪೂರ್ತಿ ಒಂದು ತಿನಿಸಿನ ಎದುರಿಗಿದ್ದು ಬಂದವರು ಏನು ನೋಡಿದಿರಿ, ಏನು ಮೂಸಿದಿರಿ, ಏನು ಕೇಳಿದಿರಿ, ಯಾರ ಹತ್ತಿರ ಏನು ಕಲಿತಿರಿ ಎಂದು ಒಂದು ಪುಟ ಬೇರೆಯೇ ಬರೆಯಿರಿ. ಕಾಲೇಜಿಗೆ ಕೊಡಬೇಕೆಂದಿಲ್ಲ. ತಮ್ಮ ಒಬ್ಬ ಅವತ್ತು ಸುತ್ತಲು ಕೂತು, ನಾಲ್ಕು ಸಲ ಹಿಟ್ಟು ಹರಿದು, ಐದನೆಯ ಸಲ ಒಂದೂವರೆ ಸುತ್ತು ನಿಲ್ಲಿಸಿದನಲ್ಲ, ಎಲ್ಲರೂ ‘ಬಂತು, ಬಂತು’ ಎಂದರಲ್ಲ. ಆಗ ಅವನ ಮುಖ ಹೇಗಿತ್ತು ಎಂದು ನಾನು ನೋಡಿದ್ದೇನೆ. ಅದು ಟಿಪ್ಪಣಿಯಲ್ಲಿ ಇಲ್ಲ, ಚಿತ್ರದಲ್ಲೂ ಇಲ್ಲ. ಕ್ಯಾಮೆರಾ ಆಗ ಜಲಪಾತಕ್ಕೆ ಹೋಗಿತ್ತು.

ನಾನು ಗುಂಪಿನವರ ಹತ್ತಿರ ಮಾತಾಡಿದ್ದೇನೆ. ಅವರು ನಿಮ್ಮ ಚಿತ್ರ ನೋಡಿ ಸಂತೋಷಪಟ್ಟರು, ತಟ್ಟೆಯ ಚಕ್ಕುಲಿ ನೋಡಿ ಸುಮ್ಮನಾದರು. ‘ಮಕ್ಕಳು ಕಷ್ಟಪಟ್ಟಿದ್ದಾರೆ’ ಎಂದರು, ಬೇರೆ ಏನೂ ಹೇಳಲಿಲ್ಲ. ಚೌತಿಗೆ ಇನ್ನೂ ಮೂರು ವಾರವಿದೆ. ಮುಂದಿನ ಶನಿವಾರ ಎರಡನೆಯ ಹದ ಹಾಕುತ್ತಾರೆ. ಈ ಸಲ ಹತ್ತು ಜನ ಸುತ್ತಲು ಬರುತ್ತೇವೆ ಎಂದಿದ್ದಾರೆ. ಶುಕ್ರವಾರ ಸಂಜೆಯೇ ಬಂದು ನಮ್ಮಲ್ಲಿ ಉಳಿಯಿರಿ. ಮೊದಲ ಒಂದು ತಾಸು ಯಂತ್ರಗಳನ್ನೆಲ್ಲ ಕೋಣೆಯಲ್ಲಿಟ್ಟು, ಕೈ ತೊಳೆದುಕೊಂಡು ಹಿಟ್ಟಿಗೆ ಕೂರಿ. ಆಮೇಲೆ ಚಿತ್ರ ತೆಗೆಯಿರಿ. ಸದ್ದು ಹಿಡಿಯುವ ಆ ಸಣ್ಣ ಯಂತ್ರವನ್ನು ತಪ್ಪದೆ ತನ್ನಿ, ಒಲೆಯ ಕಟ್ಟೆಯ ಮೇಲೆ ಅದನ್ನಿಡಲು ಜಾಗ ಮಾಡಿ ಕೊಡುತ್ತೇನೆ. ಅಜ್ಜಿಗೂ ಹೇಳಿದ್ದೇನೆ. ‘ಎನ್ನ ಮಾತು ಯಂತ್ರದಲ್ಲಿ ಬತ್ತಾ?’ ಎಂದು ಕೇಳಿದರು. ಬರುತ್ತದೆ ಎಂದಿದ್ದೇನೆ.

ಬರುವಾಗ ತೋಟದ ಕಡೆಯ ದಣಪೆ ದಾಟಬೇಡಿ, ಮಳೆಗೆ ಪಾಚಿ ಕಟ್ಟಿ ಜಾರುತ್ತಿದೆ. ಕೊಟ್ಟಿಗೆ ಬದಿಯ ದಾರಿಯಿಂದ ಬನ್ನಿ, ಅಂಗಳದ ದೀಪ ಹಾಕಿಟ್ಟಿರುತ್ತೇನೆ.

ನಿಮ್ಮ ಅಜ್ಜ
ದೊಡ್ಮನೆ